ದಂಡಿನ ವಾದ್ಯವೃಂದವೂ ನಮ್ಮ ಸಂಗೀತವೂ: ಬರಲಿರುವ ಕಛೇರಿಗಳ ಋತುವನ್ನು ಕುರಿತು

ನವರಾತ್ರಿಯಿಂದ ಮೊದಲುಗೊಂಡು ಜನವರಿಯ ಕೊನೆಯವರೆಗಿನ ಕಾಲವನ್ನು ನಮ್ಮ ನಾಡಿನಲ್ಲಿ ದಂಡಿನ ವಾದ್ಯವೃಂದದ ಋತುವೆಂದು ಕರೆಯಬಹುದು. ಮಳೆ ಹಿಂದೆಗೆದು, ಬಯಲು ಒಣಗಿ, ಸಂಜೆಗಳು ತಂಪಾಗುವ ಈ ತಿಂಗಳುಗಳಲ್ಲಿಯೇ ಬಯಲು ಕಛೇರಿಗಳೂ ಕವಾಯತುಗಳೂ ಒಂದರ ಹಿಂದೊಂದು ಬರುತ್ತವೆ. ಮೈಸೂರಿನಲ್ಲಿ ದಸರೆಯ ಸಮಯಕ್ಕೆ ಅರಮನೆಯ ಮುಂದೆ ಪೊಲೀಸ್ ವಾದ್ಯವೃಂದಗಳ ಸಮೂಹ ವಾದನ, ವಿಜಯದಶಮಿಯ ಮೆರವಣಿಗೆ, ಅಂದಿನ ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು, ಆ ಬಳಿಕ ನವೆಂಬರ್ ೧ರ ರಾಜ್ಯೋತ್ಸವ, ಜನವರಿ ೧೫ರ ಸೇನಾ ದಿನ, ೨೬ರ ಗಣರಾಜ್ಯೋತ್ಸವ, ಕೊನೆಗೆ ೨೯ರ ಸಂಜೆ ದೆಹಲಿಯ ವಿಜಯ ಚೌಕದಲ್ಲಿ ಮೂರು ಸೇನೆಗಳ ವಾದ್ಯವೃಂದಗಳು ಕೂಡಿ ನುಡಿಸುವ ಬೀಟಿಂಗ್ ರಿಟ್ರೀಟ್ ಸಮಾರಂಭ. ಈ ಋತುವು ಮತ್ತೊಮ್ಮೆ ಸಮೀಪಿಸುತ್ತಿರುವಾಗ, ಈ ವಾದ್ಯವೃಂದವು ನಮ್ಮ ಸಂಗೀತಕ್ಕೆ ಏನನ್ನು ಕೊಟ್ಟಿದೆ, ಅದರ ವಾದಕರು ಮಾಡುವ ಕೆಲಸದ ಸ್ವರೂಪವೇನು, ಅದು ಮುಂದೆಯೂ ನಡೆಯಬೇಕಾದರೆ ಯಾವುದನ್ನು ಕಾಪಾಡಿಕೊಳ್ಳಬೇಕು ಎಂಬುದನ್ನು ವಿಚಾರಮಾಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಬೆಂಗಳೂರಿನ ವಾಯವ್ಯಕ್ಕೆ, ಹೆಸರಘಟ್ಟದ ಕಡೆಗಿರುವ ಸೋಲದೇವನಹಳ್ಳಿಯ ಆಸುಪಾಸಿನವರಿಗೆ ಸೇನೆಯ ನೆರೆ ಹೊಸತಲ್ಲ. ಊರಿನ ಆಗ್ನೇಯಕ್ಕೆ ಜಾಲಹಳ್ಳಿಯ ವಾಯುಸೇನಾ ನೆಲೆ, ಈಶಾನ್ಯಕ್ಕೆ ಯಲಹಂಕದ ವಾಯುಸೇನಾ ನೆಲೆ ಇವೆ. ನಗರದೊಳಗೆ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. ೧೯೪೯ರ ಜನವರಿ ೧೫ರಂದು ಕೊಡಗಿನ ಕೆ. ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದುದರ ನೆನಪಿಗೆ ನಡೆಯುವ ಸೇನಾ ದಿನದ ಕವಾಯತು, ದೆಹಲಿಯ ಹೊರಗೆ ಮೊಟ್ಟಮೊದಲು ನಡೆದದ್ದು ೨೦೨೩ರಲ್ಲಿ ಬೆಂಗಳೂರಿನ ಈ ಕೇಂದ್ರದಲ್ಲಿಯೇ. ಸೇನಾ ಸಂಗೀತದ ಶಿಕ್ಷಣಕ್ಕೆ ಮೀಸಲಾದ ಪಚಮಢಿಯ ಸಂಗೀತ ವಿಭಾಗವು ೧೯೫೦ರಲ್ಲಿ ಸ್ಥಾಪಿತವಾದುದೂ ಕಾರ್ಯಪ್ಪನವರ ಕಾಲದಲ್ಲಿಯೇ. ಆದರೂ ದಂಡಿನ ವಾದ್ಯವೆಂದೊಡನೆ ಅದು ಪರದೇಶದ ಆಡಂಬರ, ನಮ್ಮ ಸಂಗೀತಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಅಭಿಪ್ರಾಯ ವಿದ್ವತ್ಸಭೆಗಳಲ್ಲಿ ಇಂದಿಗೂ ಕೇಳಿಬರುವುದುಂಟು. ಈ ಅಭಿಪ್ರಾಯಕ್ಕೆ ಇತಿಹಾಸದ ಆಧಾರ ಸಾಲದು.

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ವಾದ್ಯವೃಂದವನ್ನು ಕೇಳಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ಕುಟುಂಬವೂ ಒಂದು. ಆ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯವನ್ನು ಕೂಡಿಸಿದರು. ನೋಟುಸ್ವರ ಸಾಹಿತ್ಯವೆಂದು ಹೆಸರಾದ ಈ ರಚನೆಗಳು ಮೂವತ್ತಕ್ಕೂ ಮಿಕ್ಕಿವೆ. ಇವು ಶಂಕರಾಭರಣದ ಸ್ವರಗಳಲ್ಲಿಯೇ ನಡೆಯುತ್ತವೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಐರೋಪ್ಯ ವಾದಕನೊಬ್ಬನಿಂದ ಪಿಟೀಲನ್ನು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಹೊಂದಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಲಾರಿನೆಟ್ಟು ಇದೇ ರೀತಿ ಐರೋಪ್ಯ ವಾದ್ಯವೃಂದದಿಂದ ಹೊರಬಂದು, ತಂಜಾವೂರಿನ ಕಡೆ ಮಹಾದೇವ ನಟುವನಾರರ ಮೂಲಕ ನೃತ್ಯದ ಮೇಳವನ್ನು ಸೇರಿತು. ಮೂರನೆಯದಾದ ಸ್ಯಾಕ್ಸೊಫೋನಿನ ಕಥೆ ಕನ್ನಡ ನಾಡಿನದೇ. ಅದನ್ನು ಮುಂದೆ ಹೇಳುತ್ತೇವೆ. ಗಮನಿಸಬೇಕಾದ ಸಂಗತಿಯೆಂದರೆ, ಪಿಟೀಲು, ಕ್ಲಾರಿನೆಟ್ಟು, ಸ್ಯಾಕ್ಸೊಫೋನು ಇವುಗಳಲ್ಲಿ ಯಾವುದನ್ನೂ ಇಲ್ಲಿಯವರು ಗ್ರಂಥ ನೋಡಿ ಆಯ್ದುಕೊಂಡದ್ದಲ್ಲ. ಐರೋಪ್ಯ ವಾದ್ಯಗಳ ವಾದನವನ್ನು ಪ್ರತ್ಯಕ್ಷ ಕಂಡು ಕೇಳಿದ ಒಬ್ಬರ ಕಿವಿಗೆ ‘ಇದರಲ್ಲಿ ನಮ್ಮ ರಾಗ ನುಡಿದೀತು’ ಎಂದು ಹೊಳೆದುದರಿಂದ ಅವು ಒಳಬಂದವು.

ಮೈಸೂರು ಸಂಸ್ಥಾನದಲ್ಲಿ ಈ ಕಾರ್ಯಕ್ಕೆ ರಾಜಾಶ್ರಯ ದೊರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಪಾಶ್ಚಾತ್ಯ ವಾದ್ಯಗಳನ್ನು ಸ್ವತಃ ನುಡಿಸಬಲ್ಲವರಾಗಿದ್ದರು. ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಜರ್ಮನಿಯವರಾದ ಓಟೋ ಸ್ಮಿತ್ ನಡೆಸುತ್ತಿದ್ದರೆ, ವೈಣಿಕ ವೆಂಕಟಗಿರಿಯಪ್ಪನವರು ಕರ್ನಾಟಕ ವಾದ್ಯವೃಂದಕ್ಕಾಗಿ ನಗ್ಮಾ ಎಂಬ ಬಗೆಯ ವಾದ್ಯರಚನೆಗಳನ್ನು ನಿರ್ಮಿಸಿದರು. ಬಸವಪ್ಪ ಶಾಸ್ತ್ರಿಗಳು ರಚಿಸಿದ ಸಂಸ್ಥಾನ ಗೀತೆ ‘ಕಾಯೌ ಶ್ರೀ ಗೌರಿ’ಯನ್ನು ವಾದ್ಯವೃಂದವು ದರ್ಬಾರಿನಲ್ಲಿ ನುಡಿಸುವ ಸಂಪ್ರದಾಯ ಬೆಳೆಯಿತು. ಜಯಚಾಮರಾಜ ಒಡೆಯರು ಒಂದೆಡೆ ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿದ್ದು, ಇನ್ನೊಂದೆಡೆ ರಷ್ಯದ ಮೆಡ್ನರನ ಕೃತಿಗಳು ಮುದ್ರಿತಧ್ವನಿಯಾಗಿ ಉಳಿಯುವಂತೆ ಧನಸಹಾಯ ಮಾಡಿದರು. ಸಂಸ್ಥಾನವು ವಿಲೀನವಾದ ತರುವಾಯ ಈ ಪರಂಪರೆಯು ಪೊಲೀಸ್ ಇಲಾಖೆಯ ವಾದ್ಯವೃಂದಗಳಲ್ಲಿ ಮುಂದುವರಿಯಿತು. ಮೈಸೂರಿನಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎಂಬ ಎರಡು ಕವಲುಗಳು ಉಳಿದುಬಂದಿರುವುದು ಈ ಕಾರಣದಿಂದ. ದೆಹಲಿಯ ಜನವರಿ ೨೯ರ ಸಮಾರಂಭದಲ್ಲಿ ಬಹುಕಾಲ ನುಡಿಸುತ್ತಿದ್ದ ‘ಅಬೈಡ್ ವಿತ್ ಮಿ’ ಎಂಬ ಇಂಗ್ಲಿಷ್ ಪ್ರಾರ್ಥನೆಯನ್ನು ೨೦೨೨ರಲ್ಲಿ ಕೈಬಿಟ್ಟು, ಮರುವರ್ಷ ಭಾರತೀಯ ರಾಗಗಳನ್ನು ಆಧರಿಸಿದ ಧಾಟಿಗಳಿಗೆ ಎಡೆಮಾಡಲಾಯಿತು. ದಂಡಿನ ವಾದ್ಯದಲ್ಲಿ ನಮ್ಮ ರಾಗವನ್ನು ನುಡಿಸುವ ಪ್ರಶ್ನೆಯನ್ನು ಮೈಸೂರು ಅದಕ್ಕೆ ಎಷ್ಟೋ ದಶಕಗಳ ಹಿಂದೆಯೇ ಎದುರಿಸಿತ್ತು.

ಈ ಪ್ರಶ್ನೆ ಎಷ್ಟು ಕಠಿನವಾದುದೆಂಬುದನ್ನು ತಿಳಿಯಲು ವಾದ್ಯವೃಂದದ ಒಳರಚನೆಯನ್ನು ನೋಡಬೇಕು. ಕೊಳಲು, ಕ್ಲಾರಿನೆಟ್ಟು, ಸ್ಯಾಕ್ಸೊಫೋನುಗಳು ಒಂದು ಗುಂಪು. ಕಾರ್ನೆಟ್, ಟ್ರಂಪೆಟ್, ಟ್ರಾಂಬೋನ್, ಯೂಫೋನಿಯಂ, ಟ್ಯೂಬಾ ಮುಂತಾದ ಹಿತ್ತಾಳೆಯ ವಾದ್ಯಗಳು ಇನ್ನೊಂದು. ಡ್ರಂ ಮತ್ತು ತಾಳಗಳು ಮೂರನೆಯದು. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಧ್ವನಿಯ ಮಟ್ಟವು ಸುಮಾರು ೬ ಡೆಸಿಬೆಲ್‌ನಷ್ಟು ಇಳಿಯುವುದರಿಂದ, ವೀಣೆ ಪಿಟೀಲುಗಳಂಥ ತಂತಿವಾದ್ಯಗಳಿಗೆ ಇಲ್ಲಿ ಎಡೆಯಿಲ್ಲ. ಅಲ್ಲದೆ ಎಲ್ಲ ವಾದ್ಯಗಳಿಗೂ ಒಂದೇ ಬರಹ ಸಲ್ಲುವುದಿಲ್ಲ. ಷಡ್ಜವನ್ನು ಬಿ-ಫ್ಲ್ಯಾಟ್ ಸ್ವರದಲ್ಲಿ ಇಟ್ಟುಕೊಂಡರೆ ಕೊಳಲಿನವನು ಅದನ್ನು ಬಿ-ಫ್ಲ್ಯಾಟ್ ಎಂದೇ ಓದುತ್ತಾನೆ. ಸಾಮಾನ್ಯ ಕ್ಲಾರಿನೆಟ್ಟಿನವನ ಹಾಳೆಯಲ್ಲಿ ಅದೇ ಷಡ್ಜವು ಸಿ ಆಗಿಯೂ, ಆಲ್ಟೋ ಸ್ಯಾಕ್ಸೊಫೋನಿನವನ ಹಾಳೆಯಲ್ಲಿ ಜಿ ಆಗಿಯೂ ಇರುತ್ತದೆ. ಹೀಗೆ ಒಂದು ಕೃತಿಯನ್ನು ವಾದ್ಯವೃಂದಕ್ಕೆ ಅಳವಡಿಸುವುದೆಂದರೆ ಅದನ್ನು ಹಲವು ಬಾರಿ, ಹಲವು ಶ್ರುತಿಗಳಲ್ಲಿ ಬರೆಯುವುದೆಂದೇ ಅರ್ಥ.

ನಡೆಯುತ್ತ ನುಡಿಸುವಾಗ ತಾಳದ ನಿರ್ಬಂಧವೂ ಸೇರುತ್ತದೆ. ಶೀಘ್ರ ನಡಿಗೆಯ ವೇಗವು ನಿಮಿಷಕ್ಕೆ ಸುಮಾರು ೧೨೦ ಹೆಜ್ಜೆ. ಎಂದರೆ ಹೆಜ್ಜೆಯೊಂದಕ್ಕೆ ಅರ್ಧ ಸೆಕೆಂಡು. ಎಂಟು ಅಕ್ಷರಗಳ ಆದಿತಾಳವು ಇದಕ್ಕೆ ಸಹಜವಾಗಿ ಒಗ್ಗುತ್ತದೆ. ಪ್ರತಿ ಆವರ್ತವೂ ಎಡಗಾಲಿನಲ್ಲಿಯೇ ಆರಂಭವಾಗುತ್ತದೆ. ಮೂರು ಎಣಿಕೆಯ ತಾಳದಲ್ಲಿ ಹೆಜ್ಜೆಗೊಂದು ಎಣಿಕೆಯಿಟ್ಟರೆ ಒಂದು ಆವರ್ತ ಎಡಗಾಲಿನಲ್ಲಿಯೂ ಮುಂದಿನದು ಬಲಗಾಲಿನಲ್ಲಿಯೂ ಮೊದಲಾಗಿ, ಸಾಲಿನ ನಡಿಗೆ ಕದಡುತ್ತದೆ. ಏಳು ಅಕ್ಷರಗಳ ಮಿಶ್ರಚಾಪಿನ ಪಾಡೂ ಅಷ್ಟೆ. ಆದರೆ ಮೂರಕ್ಷರಗಳನ್ನು ಒಂದೇ ಹೆಜ್ಜೆಯೊಳಗೆ ಅಡಗಿಸಿದ ತಿಶ್ರನಡೆಗೆ ಅಡ್ಡಿಯಿಲ್ಲ. ನಮ್ಮ ಕೃತಿಗಳಲ್ಲಿ ಕೆಲವು ಮೆರವಣಿಗೆಯಲ್ಲಿ ಕೇಳಿಬಂದು, ಮತ್ತೆ ಕೆಲವು ಕುಳಿತು ನುಡಿಸುವ ಕಛೇರಿಯಲ್ಲಿ ಮಾತ್ರ ಕೇಳಿಬರುವುದಕ್ಕೆ ಇದೊಂದು ಕಾರಣ.

ಇದರೊಡನೆ ಭೌತಶಾಸ್ತ್ರದ ಎರಡು ತೊಡಕುಗಳಿವೆ. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುತ್ತದೆ. ಅರುವತ್ತು ಮೀಟರು ಅಗಲವಾಗಿ ಹರಡಿದ ಸಮೂಹ ವಾದ್ಯವೃಂದದಲ್ಲಿ ಒಂದು ತುದಿಯ ಡ್ರಂಮಿನ ಪೆಟ್ಟು ಇನ್ನೊಂದು ತುದಿಯನ್ನು ಮುಟ್ಟಲು ೦.೧೭ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಇದು ಒಂದು ಹೆಜ್ಜೆಯ ಕಾಲದ ಮೂರನೆಯ ಒಂದು ಭಾಗಕ್ಕೂ ಮಿಗಿಲು. ಆದುದರಿಂದ ಕಿವಿಯನ್ನೇ ನಂಬಿ ನುಡಿಸುವವನು ತಾಳ ತಪ್ಪುತ್ತಾನೆ. ಮುಂದೆ ನಡೆಯುವ ಡ್ರಂ ಮೇಜರನ ಬೆತ್ತವನ್ನೂ, ನಿಂತು ನುಡಿಸುವಾಗ ನಿರ್ದೇಶಕನ ಕೋಲನ್ನೂ ಕಣ್ಣಿನಿಂದ ಅನುಸರಿಸುವುದು ಶೋಭೆಗಾಗಿ ಮಾತ್ರವಲ್ಲ. ಎರಡನೆಯದು ಶಾಖ. ಗಾಳಿಯ ಉಷ್ಣತೆ ೨೦ ಡಿಗ್ರಿ ಸೆಲ್ಸಿಯಸ್‌ನಿಂದ ೩೦ಕ್ಕೆ ಏರಿದರೆ ಅದರಲ್ಲಿ ಶಬ್ದದ ವೇಗ ಹೆಚ್ಚಿ, ಊದುವ ವಾದ್ಯದ ಶ್ರುತಿಯು ಗಣಿತದ ಪ್ರಕಾರ ಅರ್ಧಸ್ವರದ ಮೂರನೆಯ ಒಂದು ಭಾಗಕ್ಕೆ ಸಮೀಪದಷ್ಟು ಏರಬೇಕು. ವಾದಕನ ಉಸಿರು ವಾದ್ಯದ ಒಳಗನ್ನು ಬೆಚ್ಚಗಿಡುವುದರಿಂದ ನಿಜವಾದ ಏರಿಕೆ ಇಷ್ಟಿರುವುದಿಲ್ಲ. ಆದರೆ ಸಣ್ಣ ವಾದ್ಯ ಬೇಗ ಬಿಸಿಯಾಗುತ್ತದೆ, ಟ್ಯೂಬಾದಂಥ ದೊಡ್ಡ ವಾದ್ಯ ನಿಧಾನವಾಗಿ ಬಿಸಿಯಾಗುತ್ತದೆ. ಕಛೇರಿಗೆ ಮುನ್ನ ವಾದಕರು ಬಹಳ ಹೊತ್ತು ಊದಿ ಶ್ರುತಿ ಕೂಡಿಸಿಕೊಳ್ಳುವುದನ್ನು ಕೇಳುಗರು ಅಸಹನೆಯಿಂದ ನೋಡಬಾರದು.

ಇವೆಲ್ಲಕ್ಕಿಂತ ದೊಡ್ಡದು ಗಮಕದ ಸಮಸ್ಯೆ. ಟ್ರಾಂಬೋನಿನಲ್ಲಿ ಜಾರುಗೊಳವೆಯಿರುವುದರಿಂದ ಜಾರು ಸಹಜ. ಕ್ಲಾರಿನೆಟ್ಟಿನ ತೆರೆದ ರಂಧ್ರಗಳ ಮೇಲೆ ಬೆರಳನ್ನು ಮೆಲ್ಲನೆ ಸರಿಸಬಹುದು. ಸ್ಯಾಕ್ಸೊಫೋನಿನಲ್ಲಾದರೋ ರಂಧ್ರಗಳೆಲ್ಲ ಕೀಲಿಗಳ ಕೆಳಗಿರುವುದರಿಂದ ತುಟಿಯ ಬಿಗಿತ ಮತ್ತು ಉಸಿರಿನ ಹಿಡಿತದಿಂದಲೇ ಸ್ವರವನ್ನು ಬಾಗಿಸಬೇಕು. ಒಬ್ಬ ವಾದಕನು ಇದನ್ನು ಸಾಧಿಸಿದರೂ ಸಾಲದು; ಇಪ್ಪತ್ತು ಮಂದಿ ಒಂದೇ ಗಾಂಧಾರವನ್ನು ಒಂದೇ ಪ್ರಮಾಣದಲ್ಲಿ, ಒಂದೇ ಕ್ಷಣದಲ್ಲಿ ಆಂದೋಲಿಸಬೇಕು. ಐರೋಪ್ಯ ಸ್ವರಲಿಪಿಯು ಸ್ವರದ ಸ್ಥಾನವನ್ನೂ ಕಾಲವನ್ನೂ ಹೇಳುತ್ತದೆ. ತೋಡಿಯ ಗಾಂಧಾರ ಹೇಗೆ ಅಲುಗಬೇಕೆಂಬುದನ್ನು ಅದು ಹೇಳಲಾರದು. ಆದುದರಿಂದ ಕರ್ನಾಟಕ ಬ್ಯಾಂಡಿನ ಗುರುವು ಹಾಳೆಯನ್ನು ಹಂಚಿದ ಮೇಲೆ ಹಾಡಿ ತೋರಿಸಲೇಬೇಕಾಗುತ್ತದೆ. ಕಾಗದದಲ್ಲಿ ಕೃತಿಯ ಅಸ್ಥಿ ಮಾತ್ರ ಇದೆ. ಉಳಿದುದು ಜೊತೆಯಲ್ಲಿ ವರ್ಷಗಟ್ಟಲೆ ನುಡಿಸಿದವರ ಕಿವಿಗಳ ಒಪ್ಪಂದದಲ್ಲಿದೆ. ಶಂಕರಾಭರಣ, ಮೋಹನಗಳಂಥ ರಾಗಗಳ ಸ್ವರಗಳು ಐರೋಪ್ಯ ವಾದ್ಯಗಳಿಗೆ ಸುಲಭವಾಗಿ ಒದಗುವುದರಿಂದ ಅವನ್ನು ಹೊಸ ಮೇಳವೂ ಸ್ವಲ್ಪ ಕಾಲದಲ್ಲಿ ಕಲಿತೀತು. ತೋಡಿ, ಭೈರವಿಗಳನ್ನು ನುಡಿಸುವುದಕ್ಕೆ ಹಳೆಯ ಮೇಳವೇ ಬೇಕು.

ವಾದಕರ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸೇನೆಯ ವಾದಕನು ಮೊದಲು ಸೈನಿಕ; ಯುದ್ಧಕಾಲದಲ್ಲಿ ಗಾಯಾಳುಗಳನ್ನು ಹೊರುವುದು ಅವನ ಪಾಲಿನ ಕೆಲಸ. ಪೊಲೀಸ್ ವಾದಕನೂ ಸಮವಸ್ತ್ರದ ನಿಯಮಗಳಿಗೆ ಒಳಪಟ್ಟವನು. ಅವರ ಹೆಸರು ಕಾರ್ಯಕ್ರಮಪತ್ರಿಕೆಯಲ್ಲಿ ಕಾಣುವುದು ಅಪರೂಪ. ವಯಸ್ಸು ತುಂಬಿದಾಗ ಅವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾರೆ. ತೆರವಾದ ಸ್ಥಾನ ಬೇಗ ತುಂಬದಿದ್ದರೆ ಹೊಸಬನಿಗೆ ಹಳಬನ ಪಕ್ಕದಲ್ಲಿ ಕುಳಿತು ಕೇಳಿ ಕಲಿಯುವ ಅವಕಾಶ ತಪ್ಪುತ್ತದೆ. ಆಗ ವಾದ್ಯಗಳಿರುತ್ತವೆ, ಸ್ವರಲಿಪಿಯ ಕಟ್ಟುಗಳಿರುತ್ತವೆ, ಸಮವಸ್ತ್ರವೂ ಇರುತ್ತದೆ. ರಾಗ ಮಾತ್ರ ಇರುವುದಿಲ್ಲ. ಈ ನಷ್ಟವು ಸದ್ದಿಲ್ಲದೆ ಆಗುವಂಥದು. ಮೆರವಣಿಗೆಯಲ್ಲಿ ನಿಂತ ಜನಕ್ಕೆ ಅದು ಒಮ್ಮೆಗೇ ತಿಳಿಯುವುದಿಲ್ಲ.

ಇಂಥ ನಷ್ಟದಿಂದ ವಾದ್ಯವೃಂದಕ್ಕೆ ಮಾತ್ರವೇ ಹಾನಿಯೆಂದು ಎಣಿಸಬಾರದು. ದಕ್ಷಿಣ ಕನ್ನಡದಲ್ಲಿ ೧೯೪೯ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರ ಮಗ. ಎಳೆಯ ವಯಸ್ಸಿನಲ್ಲಿ ಅವರು ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನನ್ನು ಕೇಳಿ, ಅದನ್ನೇ ತಮ್ಮ ವಾದ್ಯವನ್ನಾಗಿ ಆರಿಸಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರರಲ್ಲಿ ಶಿಕ್ಷಣ ಪಡೆದು, ಅನೇಕ ವರ್ಷಗಳ ಸಾಧನೆಯಿಂದ ಆ ವಾದ್ಯವನ್ನು ಗಮಕಕ್ಕೆ ಒಗ್ಗಿಸಿದರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಪ್ರಾಮನೇಡ್ ಕಛೇರಿಯಲ್ಲಿ ನುಡಿಸಿದರು, ೨೦೦೪ರಲ್ಲಿ ಪದ್ಮಶ್ರೀ ಪುರಸ್ಕೃತರಾದರು, ೨೦೧೯ರಲ್ಲಿ ನಿಧನರಾದರು. ಅರಮನೆಯ ಮೇಳದಲ್ಲಿ ಅಂದು ನುಡಿಸಿದ ವಾದಕನ ಹೆಸರು ಲೋಕಪ್ರಸಿದ್ಧವಾಗಲಿಲ್ಲ. ಆದರೆ ಅವನು ಚೆನ್ನಾಗಿ ನುಡಿಸಿರದಿದ್ದರೆ, ಒಬ್ಬ ಹುಡುಗನಿಗೆ ಅದನ್ನು ಕೇಳುವ ಅವಕಾಶ ಇಲ್ಲದಿದ್ದರೆ, ನಮ್ಮ ಸಂಗೀತಕ್ಕೆ ಈ ವಾದ್ಯ ಹೀಗೆ ದೊರೆಯುತ್ತಿತ್ತೆ ಎಂಬುದು ಸಂದೇಹ.

ಆದಕಾರಣ ಬರುವ ಋತುವಿನಲ್ಲಿ ನಮ್ಮ ವಿದ್ಯಾರ್ಥಿಗಳು ಈ ಕಛೇರಿಗಳಿಗೆ ಹೋಗಬೇಕು, ಹೋದಾಗ ಮೂರು ಸಂಗತಿಗಳನ್ನು ಗಮನಿಸಬೇಕು ಎಂದು ಸೂಚಿಸುತ್ತೇವೆ. ಮೊದಲನೆಯದು, ಕೆಳಸ್ಥಾಯಿಯ ವಾದ್ಯಗಳು ಷಡ್ಜ ಪಂಚಮಗಳನ್ನು ಹಿಡಿದು ತಂಬೂರಿಯ ಕೆಲಸ ಮಾಡುತ್ತಿವೆಯೇ, ಅಥವಾ ಐರೋಪ್ಯ ರೀತಿಯಲ್ಲಿ ಸ್ವರಗಳ ಗುಚ್ಛವನ್ನು ಕೂಡಿಸುತ್ತಿವೆಯೇ? ಎರಡನೆಯದು, ಗಮಕಗಳಲ್ಲಿ ಯಾವುವು ಉಳಿದಿವೆ, ಯಾವುವು ನೇರ ಸ್ವರಗಳಾಗಿ ಸಪಾಟಾಗಿವೆ? ಮೂರನೆಯದು, ಯಾವ ತಾಳಗಳನ್ನು ನಡೆಯುತ್ತ ನುಡಿಸುತ್ತಾರೆ, ಯಾವುದನ್ನು ಕುಳಿತು? ಇದರ ಜೊತೆಗೆ, ಹಿರಿಯ ವಾದಕರು ಸೇವೆಯಲ್ಲಿರುವಾಗಲೇ ಕರ್ನಾಟಕ ಬ್ಯಾಂಡಿನ ಪ್ರತಿಯೊಂದು ಕೃತಿಯನ್ನೂ ವಾದ್ಯವಾರು ಬೇರೆಬೇರೆಯಾಗಿ ಧ್ವನಿಮುದ್ರಿಸಿ, ಆಯಾ ಸ್ವರಲಿಪಿಯ ಹಾಳೆಯೊಡನೆ ಇರಿಸುವುದು ವಿಶ್ವವಿದ್ಯಾನಿಲಯಗಳು ಮಾಡಬಹುದಾದ ಕೆಲಸ. ಇದಕ್ಕೆ ವಿಶೇಷ ಉಪಕರಣಗಳು ಬೇಕಿಲ್ಲ. ಪೊಲೀಸ್ ಇಲಾಖೆಯ ಅನುಮತಿ, ಹಲವು ಸಂಜೆಗಳ ಬಿಡುವು, ಕೇಳಿ ಗುರುತಿಸಬಲ್ಲ ನಾಲ್ಕಾರು ವಿದ್ಯಾರ್ಥಿಗಳು ಇದ್ದರೆ ಸಾಕು. ಹೀಗೆ ಸಂಗ್ರಹಿಸಿದುದು ಗುರುವಿನ ಸ್ಥಾನವನ್ನು ತುಂಬಲಾರದು, ನಿಜ. ಆದರೆ ಮುಂದೆ ಮೇಳವನ್ನು ಸೇರುವವನಿಗೆ ತನ್ನ ಹಾಳೆಯಲ್ಲಿ ಬರೆಯದೆ ಉಳಿದ ಭಾಗವು ಏನಿತ್ತೆಂಬುದು ಅದರಿಂದ ತಿಳಿಯುತ್ತದೆ. ದಸರೆಯ ಅಭ್ಯಾಸಗಳು ಆರಂಭವಾಗುವ ಮುನ್ನವೇ ಈ ಕಾರ್ಯಕ್ಕೆ ಕೈಹಚ್ಚುವುದು ಒಳ್ಳೆಯದು.