ಮೊದಲು ತನ್ನನ್ನೇ ಬತ್ತಲೆ ನಿಲ್ಲಿಸಿಕೊಂಡ ಸೋಜಾ

1949ರಲ್ಲಿ ಬೊಂಬಾಯಿಯ ಒಂದು ಕಲಾ ಪ್ರದರ್ಶನದಲ್ಲಿ ಗೋಡೆಯ ಮೇಲಿದ್ದ ನಗ್ನ ಚಿತ್ರವೊಂದನ್ನು ಕೆಳಗಿಳಿಸಿದರು. ಅಶ್ಲೀಲ ಎಂಬ ಆಕ್ಷೇಪ. ಪೊಲೀಸರು ಕಲಾವಿದನ ಮನೆಗೂ ಹೋಗಿ ಅಂಥದ್ದು ಇನ್ನೇನಾದರೂ ಸಿಕ್ಕೀತೇ ಎಂದು ತಡಕಾಡಿದರು. ನಮ್ಮ ದೇಶದಲ್ಲಿ ಇದೇನು ಹೊಸದಲ್ಲ ಬಿಡಿ. ಆದರೆ ಆ ಚಿತ್ರದಲ್ಲಿದ್ದದ್ದು ಹೆಣ್ಣಲ್ಲ, ಪುರಾಣದ ಅಪ್ಸರೆಯಲ್ಲ, ಕೂಲಿಗೆ ಬಂದ ಮಾಡೆಲ್ ಕೂಡ ಅಲ್ಲ. ಬಟ್ಟೆಯಿಲ್ಲದೆ, ನೋಡುವವರಿಗೆ ಎದುರಾಗಿ ನಿಂತಿದ್ದವರು ಚಿತ್ರ ಬರೆದ ಫ್ರಾನ್ಸಿಸ್ ನ್ಯೂಟನ್ ಸೋಜಾ ಅವರೇ. ಆಗ ಅವರಿಗೆ ಇಪ್ಪತ್ತೈದು. ಅದೇ ವರ್ಷ ಅವರು ಲಂಡನ್ನಿಗೆ ಹೊರಟುಹೋದರು.

ಗೋವಾದ ಕಡಲತೀರಕ್ಕೆ ಹೋಗುವವರು ಕಲಂಗೂಟ್ ದಾರಿಯಲ್ಲಿ ಸಾಲಿಗಾಂವ ದಾಟಿಯೇ ಹೋಗಿರುತ್ತಾರೆ. ಗದ್ದೆಯ ಬಯಲಿನಂಚಿಗೆ ಮೊನಚು ಗೋಪುರಗಳ ಬಿಳಿ ಇಗರ್ಜಿ, 1873ರಲ್ಲಿ ಮುಗಿದದ್ದು. ಕಾರಿನ ಕಿಟಕಿಯಿಂದಲೇ ಅದರ ಫೋಟೊ ತೆಗೆದುಕೊಂಡು ಮುಂದೆ ಹೋಗುವವರೇ ಹೆಚ್ಚು. 1924ರಲ್ಲಿ ಸೋಜಾ ಹುಟ್ಟಿದ್ದು ಈ ಊರಿನಲ್ಲಿ. ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು, ಅಕ್ಕನೂ ಉಳಿಯಲಿಲ್ಲ. ಮಗುವಿಗೆ ಸಿಡುಬು ಬಂದಾಗ ತಾಯಿ ಸಂತ ಫ್ರಾನ್ಸಿಸ್ ಕ್ಸೇವಿಯರನಿಗೆ ಹರಕೆ ಹೊತ್ತರು: ಬದುಕಿಸಿಕೊಡು, ಪಾದ್ರಿ ಮಾಡುತ್ತೇನೆ. ಹುಡುಗ ಬದುಕಿದ, ಹೆಸರಿಗೆ ಫ್ರಾನ್ಸಿಸ್ ಸೇರಿತು, ಮುಖದಲ್ಲಿ ಕಲೆ ಉಳಿಯಿತು. ಪಾದ್ರಿ ಮಾತ್ರ ಆಗಲಿಲ್ಲ. ಬೊಂಬಾಯಿಯಲ್ಲಿ ಬಟ್ಟೆ ಹೊಲಿದು ಸಂಸಾರ ಸಾಗಿಸಿದ ತಾಯಿ ಮಗನನ್ನು ಸೇಂಟ್ ಕ್ಸೇವಿಯರ್ ಶಾಲೆಗೆ ಸೇರಿಸಿದರೆ, ಪಾಯಿಖಾನೆಯ ಗೋಡೆಯ ಮೇಲೆ ಕೆಟ್ಟ ಚಿತ್ರ ಬರೆದನೆಂದು ಶಾಲೆಯವರು ಹೊರಗೆ ಹಾಕಿದರು. ಯಾರೋ ಬರೆದಿದ್ದ ಸೊಟ್ಟ ಚಿತ್ರಗಳನ್ನು ನಾನು ತಿದ್ದಿದೆನಷ್ಟೇ ಎಂಬುದು ಸೋಜಾರ ಸಮಜಾಯಿಷಿ. ನಂಬುವುದು ಬಿಡುವುದು ನಮಗೆ ಬಿಟ್ಟದ್ದು. ಮುಂದೆ ಜೆ.ಜೆ. ಕಲಾಶಾಲೆಯಿಂದಲೂ ಹೊರಬಿದ್ದರು. ಅಲ್ಲಿ 1945ರಲ್ಲಿ ಕಾರಣವಾದದ್ದು ಸ್ವಾತಂತ್ರ್ಯ ಚಳವಳಿ.

ಜೆ.ಜೆ.ಯಲ್ಲಿ ನಗ್ನತೆ ಹಳೆಯ ಪಾಠ. ಬ್ರಿಟಿಷರು ತಂದ ಕಲಾಶಿಕ್ಷಣದಲ್ಲಿ ‘ಲೈಫ್ ಸ್ಟಡಿ’ ಎಂಬ ತರಗತಿಯಿತ್ತು, ಈಗಲೂ ಇದೆ. ನಡುವೆ ಒಂದು ಎತ್ತರದ ಕಟ್ಟೆ, ಅದರ ಮೇಲೆ ಮಾಡೆಲ್, ಸುತ್ತ ಬೋರ್ಡು ಹಿಡಿದ ವಿದ್ಯಾರ್ಥಿಗಳು. ಮೊದಲು ಚುರುಕಾದ ಕಿರು ಭಂಗಿಗಳು, ಕೈ ಪಳಗಿದ ಮೇಲೆ ದೀರ್ಘ ಭಂಗಿ. ಮಾಡೆಲ್ ವಿರಾಮಕ್ಕೆ ಎದ್ದರೆ ಮರಳಿ ಅದೇ ಜಾಗದಲ್ಲಿ ಕೂರಲೆಂದು ಕಾಲಿನ ಸುತ್ತ ಸೀಮೆಸುಣ್ಣದ ಗೆರೆ. ಸೊಂಟದ ಭಾರ ಯಾವ ಕಾಲಿನ ಮೇಲೆ ಬಿದ್ದಿದೆ, ಅದಕ್ಕೆ ತಕ್ಕಂತೆ ಭುಜ ಎಷ್ಟು ಇಳಿದಿದೆ, ಇವನ್ನೆಲ್ಲ ಇದ್ದಿಲಿನಲ್ಲಿ ಹಿಡಿಯುವುದೇ ವಿದ್ಯೆ. ಅರ್ಧ ಗಂಟೆ ಅಲುಗಾಡದೆ ಕೂತರೆ ಬೆನ್ನು ಏನಾಗುತ್ತದೆಂದು ಆ ಕಾಗದದಲ್ಲಿ ಕಾಣುವುದಿಲ್ಲ.

ಇಂಥ ಅಭ್ಯಾಸದಲ್ಲಿ ಮೈ ಇರುತ್ತದೆ, ಆಸಾಮಿ ಇರುವುದಿಲ್ಲ. ಭಾವಚಿತ್ರಕ್ಕೆ ಆಸಾಮಿ ಬೇಕು. ಸಾಂಗೇಯಲ್ಲಿ ಹುಟ್ಟಿ ಜೆ.ಜೆ.ಯಲ್ಲೇ ಕಲಿತು ಅಲ್ಲೇ ಕಲಿಸಿದ ಆಂಟೋನಿಯೊ ಕ್ಸೇವಿಯರ್ ತ್ರಿಂದಾದ್ (1870–1935) ತಮ್ಮ ಹೆಂಡತಿ ಫ್ಲೊರೆಂಟಿನಾರನ್ನು ಬರೆದದ್ದು ನೋಡಿದರೆ ಇದು ತಿಳಿಯುತ್ತದೆ. ಅಲ್ಲಿ ಮೈತುಂಬ ಬಟ್ಟೆಯಿದೆ, ಆದರೂ ಒಬ್ಬ ಹೆಂಗಸಿನ ಖಾಸಗಿ ಕ್ಷಣಕ್ಕೆ ನಾವು ಕಾಲಿಟ್ಟ ಹಾಗಾಗುತ್ತದೆ. ನಗ್ನ ಮೈಗೆ ಅಂಥ ಮುಖ ಜೋಡಿಸುವುದು ಕಷ್ಟದ ಕೆಲಸ. ಅಮೃತಾ ಶೇರ್‌ಗಿಲ್ 1934ರಲ್ಲಿ ಪ್ಯಾರಿಸಿನಲ್ಲಿ ತಮ್ಮನ್ನೇ ತಾಹಿತಿಯ ಹೆಣ್ಣಾಗಿ, ಸೊಂಟದ ಮೇಲೆ ಬಟ್ಟೆಯಿಲ್ಲದೆ ಬರೆದುಕೊಂಡರು. ಹದಿನೈದು ವರ್ಷದ ನಂತರ ಸೋಜಾ ಬೊಂಬಾಯಿಯಲ್ಲಿ ಗಂಡಿನ ಮೈಯಿಟ್ಟು ಅದೇ ಸಾಹಸ ಮಾಡಿ ಪೆಟ್ಟು ತಿಂದರು.

ಪೆಟ್ಟು ಬಿದ್ದದ್ದು ಗಂಡು ಮೈಗೆ ಎನ್ನುವುದು ಕನ್ನಡದವರಿಗೆ ಸ್ವಲ್ಪ ವಿಚಿತ್ರವಾಗಿಯೇ ಕಾಣಬೇಕು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷದಿಂದ ನಿಂತವನ ಮೈಮೇಲೆ ಬಳ್ಳಿ ಬಿಟ್ಟರೆ ಬೇರೇನಿದೆ? ಹಾಗೆ ನೋಡಿದರೆ ಸೋಜಾರ ಬಾಲ್ಯದ ಇಗರ್ಜಿಗಳಲ್ಲೂ ನಡುವಿಗೆ ಒಂದು ತುಂಡು ಬಟ್ಟೆ ಸುತ್ತಿದ, ರಕ್ತ ಸುರಿಯುವ ಮೈ ಪೀಠದ ಮೇಲೆಯೇ ಇತ್ತು. ತ್ಯಾಗದ ಮೈ, ನೋವಿನ ಮೈ ಬರಿದಾಗಿದ್ದರೆ ಕೈ ಮುಗಿಯುತ್ತೇವೆ. ಆಸೆಯ ಮೈ ಬರಿದಾದರೆ ಪೊಲೀಸರನ್ನು ಕರೆಯುತ್ತೇವೆ. ಸೋಜಾ ಇವೆರಡನ್ನೂ ಒಂದೇ ಕ್ಯಾನ್ವಾಸಿಗೆ ತಂದರು. ಅವರ ಶಿಲುಬೆಯ ಕ್ರಿಸ್ತ ಭಯ ಹುಟ್ಟಿಸುತ್ತಾನೆ; 1959ರ ಆ ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

1947ರಲ್ಲಿ ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಜೊತೆ ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದವರಲ್ಲಿ ಸೋಜಾರೇ ಮುಂದಾಳು. 1948ರಲ್ಲಿ ಅವರೂ ಹುಸೇನರೂ ದೆಹಲಿಗೆ ಹೋಗಿ ಭಾರತೀಯ ಕಲೆಯ ದೊಡ್ಡ ಪ್ರದರ್ಶನವನ್ನು ನೋಡಿಬಂದರು. ಅಲ್ಲಿ ಕಂಡ ಹಳೆಯ ಶಿಲ್ಪಗಳ ಮೈಕಟ್ಟು ಸೋಜಾರ ಹೆಣ್ಣುಗಳಲ್ಲಿ ಇಳಿಯಿತು: ತುಂಬಿದ ಎದೆ, ಅಗಲ ಸೊಂಟ, ಎದುರಾಗಿ ನಿಂತ ನಿಲುವು. ಆದರೆ ಶಿಲ್ಪದ ನುಣುಪು ಬರಲಿಲ್ಲ. ಅವರ ಗೆರೆ ದಪ್ಪ, ಕಪ್ಪು, ಗಾಜಿನ ಕಿಟಕಿಯ ಸೀಸದ ಪಟ್ಟಿಯಂತೆ ಮೈಯನ್ನು ತುಂಡು ತುಂಡಾಗಿ ಕಟ್ಟಿಹಾಕುತ್ತದೆ. ಕಣ್ಣು ಹಣೆಯವರೆಗೆ ಏರಿರುತ್ತದೆ. ಚೆಲುವು ಹುಡುಕಿಕೊಂಡು ಹೋದವರಿಗೆ ಇಲ್ಲಿ ನಿರಾಸೆ ಖಂಡಿತ.

1955ರ ‘ಬರ್ತ್’ ಎಂಬ ದೊಡ್ಡ ತೈಲಚಿತ್ರ ನೋಡಿ. ತುಂಬು ಬಸುರಿಯೊಬ್ಬಳು ಬತ್ತಲೆ ಮಲಗಿದ್ದಾಳೆ. ಪಕ್ಕದಲ್ಲಿ ಪಾದ್ರಿಯ ಉಡುಪಿನ ಗಂಡಸು. ಒಂದಿಷ್ಟು ಮನೆ ಸಾಮಾನು, ಕಿಟಕಿಯಾಚೆ ಊರು. ಆಗ ಸೋಜಾರ ಜೊತೆಗಿದ್ದ ಲಿಸೆಲೊಟ್ ಇದಕ್ಕೆ ಮಾದರಿ ಎನ್ನುತ್ತಾರೆ. ಹೆಣ್ಣಿನ ನಗ್ನತೆ ಇಲ್ಲಿ ಕಣ್ಣಿಗೆ ಹಬ್ಬವಾಗಿ ಬಂದಿಲ್ಲ. ಹೊಟ್ಟೆಯ ಭಾರವೇ ಚಿತ್ರದ ಭಾರ. ಪಾದ್ರಿಯ ಬಟ್ಟೆ ತೊಟ್ಟು ನಿಂತವನನ್ನು ನೋಡಿದಾಗ ತಾಯಿಯ ಹರಕೆ ನೆನಪಾಗದಿರಲು ಸಾಧ್ಯವೇ? ಈ ಚಿತ್ರ 2008ರಲ್ಲಿ ಸುಮಾರು 25 ಲಕ್ಷ ಡಾಲರಿಗೂ 2015ರಲ್ಲಿ ಸುಮಾರು 40 ಲಕ್ಷ ಡಾಲರಿಗೂ ಹರಾಜಾಯಿತು. 1949ರ ಪೊಲೀಸರಿಗೆ ಈ ಲೆಕ್ಕ ಯಾರು ಹೇಳಬೇಕು!

ಸೋಜಾರನ್ನು ಹೊಗಳುವವರು ಸಾಮಾನ್ಯವಾಗಿ ಒಂದು ಮಾತನ್ನು ನುಂಗಿಕೊಳ್ಳುತ್ತಾರೆ. ತಮ್ಮನ್ನು ಬರೆದುಕೊಂಡಾಗ, ‘ಬರ್ತ್’ ಬರೆದಾಗ ಇದ್ದ ಆಸಾಮಿ ಅವರ ನೂರಾರು ನಗ್ನ ರೇಖಾಚಿತ್ರಗಳಲ್ಲಿ ಕಾಣುವುದಿಲ್ಲ. ಎದೆ, ತೊಡೆ, ಗೀಚಿದ ಮುಖ. ಸಿಟ್ಟಿದೆ, ವೇಗವಿದೆ, ಕೈಯ ಹಿಡಿತ ಅಮೋಘ. ಎದುರಿಗೆ ಕೂತವಳು ಯಾರೆಂಬ ಕುತೂಹಲ ಮಾತ್ರ ಕಡಿಮೆ.

ಆ ಕುತೂಹಲ ತೋರಿಸಿದ್ದು ಒಂದು ಮರಾಠಿ ಸಿನಿಮಾ. ರವಿ ಜಾಧವ್ ನಿರ್ದೇಶನದ ‘ನ್ಯೂಡ್’ನ ಯಮುನಾ ಗಂಡನನ್ನು ಬಿಟ್ಟು ಮಗನೊಡನೆ ಮುಂಬೈಗೆ ಬರುತ್ತಾಳೆ, ಅವನನ್ನು ಓದಿಸಲು ಕಲಾಶಾಲೆಯಲ್ಲಿ ಮಾಡೆಲ್ ಆಗುತ್ತಾಳೆ, ಅದನ್ನು ಅವನಿಂದಲೇ ಮುಚ್ಚಿಡುತ್ತಾಳೆ. 2017ರಲ್ಲಿ ಪಣಜಿಯ ಅಂತರರಾಷ್ಟ್ರೀಯ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗಕ್ಕೆ ಇದೇ ಆರಂಭದ ಚಿತ್ರವೆಂದು ತೀರ್ಪುಗಾರರು ಆರಿಸಿದರು. ಕೇಂದ್ರ ವಾರ್ತಾ ಸಚಿವಾಲಯ ಪಟ್ಟಿಯಿಂದ ತೆಗೆದುಹಾಕಿತು. ತೀರ್ಪುಗಾರರ ಮಂಡಳಿಯ ಅಧ್ಯಕ್ಷ ಸುಜೊಯ್ ಘೋಷ್ ರಾಜೀನಾಮೆ ಕೊಟ್ಟರು. ಮುಂದಿನ ವರ್ಷ ಅದೇ ಸಿನಿಮಾ ‘ಎ’ ಪ್ರಮಾಣಪತ್ರದೊಂದಿಗೆ ಥಿಯೇಟರುಗಳಿಗೆ ಬಂತು. ಇದಕ್ಕೂ ಮುಂಚೆ, 2013ರಲ್ಲಿ, ದೆಹಲಿ ಆರ್ಟ್ ಗ್ಯಾಲರಿ ಆಧುನಿಕ ಭಾರತೀಯ ಕಲೆಯ ನಗ್ನ ಚಿತ್ರಗಳನ್ನೇ ಒಟ್ಟುಮಾಡಿ ಪ್ರದರ್ಶನ ಏರ್ಪಡಿಸಿದಾಗಲೂ ಮುಚ್ಚಿಸಿ ಎಂದು ಪ್ರತಿಭಟನೆ ನಡೆದಿತ್ತು.

ಗೋವಾದಲ್ಲಿ ಸೋಜಾ ಹೆಸರಿನದೇ ಒಂದು ಮ್ಯೂಸಿಯಂ ಇಲ್ಲದಿರುವುದು ಬೇಸರದ ಸಂಗತಿ. ಹೋಗಲೇಬೇಕೆನ್ನುವವರು ಪಣಜಿಯ ಫಾಂಟೆನ್ಹಾಸ್‌ನ ಫುಂಡಾಸಾವ್ ಓರಿಯೆಂಟೆಯಿಂದ ಶುರುಮಾಡಬಹುದು. ತ್ರಿಂದಾದ್ ಚಿತ್ರಗಳ ಸಂಗ್ರಹ ಅಲ್ಲಿದೆ. ಆಲ್ಟಿನೊ ಗುಡ್ಡದ ಮೇಲಿನ ಸುನಾಪರಾಂತ ಕಲಾಕೇಂದ್ರದಲ್ಲಿ ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಏನು ನಡೆಯುತ್ತಿದೆ ಎಂದು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಸುಬೋಧ್ ಕೇರ್ಕರ್ ಕಟ್ಟಿದ ಮ್ಯೂಸಿಯಂ ಆಫ್ ಗೋವಾ ಇರುವ ಪಿಲೇರ್ನ್ ಸಾಲಿಗಾಂವಕ್ಕೆ ಹತ್ತಿರ. ಸಮಯ ಸಾಲದಿದ್ದರೆ ಬೇರೆಲ್ಲ ಬಿಟ್ಟು ಹಳೇ ಗೋವಾದ ಇಗರ್ಜಿಗಳಿಗೆ ಹೋಗಿ, ಶಿಲುಬೆಯ ಮೇಲಿನ ಮೈಯನ್ನು ಹತ್ತಿರದಿಂದ ನೋಡಿ. ಸೋಜಾರ ಚಿತ್ರ ಮುಂದೆ ದೆಹಲಿಯಲ್ಲೋ ಲಂಡನ್ನಿನಲ್ಲೋ ಎದುರಾದಾಗ ಗುರುತು ಹಿಡಿಯಲು ಅಷ್ಟು ಸಾಕು.