ಗೊಗ್ಗರು ದನಿಯ ಪೆಟ್ಟಿಗೆ

1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಟಿಪ್ಪೂ ಸುಲ್ತಾನನ ಅರಮನೆಯಿಂದ ಆಂಗ್ಲರು ಹೊತ್ತೊಯ್ದ ವಸ್ತುಗಳಲ್ಲಿ ಒಂದು ಮರದ ಹುಲಿಯೂ ಸೇರಿತ್ತು. ನೆಲಕ್ಕುರುಳಿದ ಐರೋಪ್ಯನೊಬ್ಬನ ಮೇಲೆ ಎರಗಿರುವ ಈ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ, ಹುಲಿಯ ಗುರುಗುಟ್ಟುವಿಕೆಯೂ ಮನುಷ್ಯನ ಆರ್ತನಾದವೂ ಹೊರಡುವಂತೆ ಅದನ್ನು ರಚಿಸಿದ್ದಾರೆ. ಅದೇ ಹುಲಿಯ ಒಡಲಿನಲ್ಲಿ ಹದಿನೆಂಟು ಸ್ವರಗಳ ಪುಟ್ಟದೊಂದು ಆರ್ಗನ್ ವಾದ್ಯವೂ ಉಂಟು. ಇಂಪಾದ ಸ್ವರಕ್ಕೂ ಒರಟು ಗರ್ಜನೆಗೂ ಒಂದೇ ಯಂತ್ರದಲ್ಲಿ ಎಡೆ ದೊರೆತಿರುವುದು ವಿಶೇಷವೇ ಸರಿ.

ಒರಟು ದನಿಯನ್ನು ಬೇಕೆಂದೇ ಬಯಸುವುದು ನಮ್ಮ ಸಂಗೀತಕ್ಕೂ ಹೊಸದಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ನೂಲಿನ ಎಳೆಯೊಂದನ್ನು ಸೇರಿಸುವುದನ್ನು ನೋಡದವರಾರು? ಆ ಎಳೆ ತಕ್ಕ ಸ್ಥಾನಕ್ಕೆ ಬಂದೊಡನೆ ಮಂಕಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ಮಂಡ್ಯದ ಸೀಮೆಯಲ್ಲಿ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರ ತಂಬೂರಿಯ ಮೊರೆತವೂ, ಅದರೊಡನೆ ಬೆರೆಯುವ ಗಗ್ಗರದ ಸದ್ದೂ ನುಣುಪಾದ ನಾದಗಳೇನಲ್ಲ. ಆದರೆ ಅವನ್ನು ತೆಗೆದುಬಿಟ್ಟರೆ ಹಾಡು ಬರಿದಾಗುತ್ತದೆ.

ವಿದ್ಯುತ್ ಗಿಟಾರಿಗೆ ಇಂಥದೇ ಗೊಗ್ಗರು ದನಿಯನ್ನು ಕೊಡುವ ಪುಟ್ಟ ಪೆಟ್ಟಿಗೆಯೇ ‘ಫಜ್ ಪೆಡಲ್’. ವಾದಕನ ಕಾಲ ಬಳಿ ನೆಲದ ಮೇಲೆ ಇದರ ಸ್ಥಾನ. ಬೇಕಾದಾಗ ಅದರ ಗುಂಡಿಯನ್ನು ಕಾಲಿನಿಂದ ಒತ್ತಿದರಾಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಗಣೇಶೋತ್ಸವಕ್ಕೂ ರಾಜ್ಯೋತ್ಸವಕ್ಕೂ ಆರ್ಕೆಸ್ಟ್ರಾ ಏರ್ಪಡಿಸುವುದು ವಾಡಿಕೆ. ಅಲ್ಲಿನ ಗಿಟಾರ್ ವಾದಕನನ್ನು ಕಂಡು ಮನೆಯ ಮಗನೋ ಮಗಳೋ ಗಿಟಾರ್ ಕಲಿತು, ವರ್ಷದೊಳಗೆ ಈ ಪೆಟ್ಟಿಗೆಯೂ ಬೇಕೆಂದು ಕೇಳುವ ಕಾಲ ಇದು. ಬೆಲೆಯಾದರೋ ಎರಡು ಮೂರು ಸಾವಿರದಿಂದ ಇಪ್ಪತ್ತು ಸಾವಿರದವರೆಗೂ ಏರುತ್ತದೆ. ದೊಡ್ಡ ವಾದ್ಯದಂಗಡಿಗಳಿರುವುದು ಮೈಸೂರು, ಬೆಂಗಳೂರುಗಳಲ್ಲಿ. ಆದುದರಿಂದ ಚಿಕ್ಕ ಊರುಗಳವರು ಸಾಮಾನ್ಯವಾಗಿ ಮೊಬೈಲಿನಲ್ಲಿ ಚಿತ್ರವನ್ನು ನೋಡಿ, ಸದ್ದನ್ನು ಕೇಳಿ, ಹಣ ಕಳುಹಿಸಿ ತರಿಸಿಕೊಳ್ಳುತ್ತಾರೆ. ಬಂದ ಪೆಟ್ಟಿಗೆ ಮೊದಲ ಕಾರ್ಯಕ್ರಮದಲ್ಲೇ ಜೇನುಹುಳುಗಳ ಗುಂಪಿನಂತೆ ಗುಂಯ್‌ಗುಟ್ಟಿ, ಬಳಿಕ ಅಟ್ಟ ಸೇರುವುದೂ ಉಂಟು. ತಪ್ಪು ಸಾಮಾನ್ಯವಾಗಿ ಪೆಟ್ಟಿಗೆಯದಲ್ಲ, ಆಯ್ಕೆಯದು.

ಕೆಟ್ಟ ಯಂತ್ರದಿಂದ ಹುಟ್ಟಿದ ನಾದ

ಈ ಪೆಟ್ಟಿಗೆಯ ಹುಟ್ಟೇ ಒಂದು ಆಕಸ್ಮಿಕ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ 1960ರಲ್ಲಿ ಗಾಯಕ ಮಾರ್ಟಿ ರಾಬಿನ್ಸ್‌ನ ಹಾಡೊಂದರ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ಎಂಬ ವಾದಕ ಆರು ತಂತಿಯ ಬೇಸ್ ಗಿಟಾರ್ ನುಡಿಸುತ್ತಿದ್ದಾಗ ಧ್ವನಿಮುದ್ರಣದ ಯಂತ್ರದ ಒಂದು ಭಾಗ ಕೆಟ್ಟು, ಗಿಟಾರಿನ ನಾದ ಕಹಳೆಯಂತೆ ಒಡೆದು ಬಂದಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಆ ಹಾಡು ಜನಪ್ರಿಯವಾದಾಗ ಅಂಥದೇ ನಾದ ತಮಗೂ ಬೇಕೆಂದು ಇತರ ವಾದಕರು ಕೇಳತೊಡಗಿದರು. ಧ್ವನಿಮುದ್ರಣದ ಎಂಜಿನಿಯರ್ ಗ್ಲೆನ್ ಸ್ನಾಡಿ, ಮತ್ತೊಬ್ಬ ತಂತ್ರಜ್ಞನೊಡಗೂಡಿ ಟ್ರಾನ್ಸಿಸ್ಟರುಗಳಿಂದ ಅದೇ ದನಿಯನ್ನು ಹೊರಡಿಸುವ ಮಂಡಲವನ್ನು ರಚಿಸಿದನು. 1962ರಲ್ಲಿ ಗಿಬ್ಸನ್ ಸಂಸ್ಥೆ ಅದನ್ನು ‘ಮೇಸ್ಟ್ರೋ ಫಜ್-ಟೋನ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಗಿಟಾರಿನಿಂದಲೇ ಕಹಳೆಯ ನಾದ ಪಡೆಯಬಹುದೆಂಬುದು ಆಗಿನ ಜಾಹೀರಾತಿನ ಆಶ್ವಾಸನೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಆ ಪೆಟ್ಟಿಗೆಯ ದನಿ ಕೇಳಿಬಂದ ಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆಯುಂಟಾಯಿತು.

ಆ ಮೊದಲ ಪೆಟ್ಟಿಗೆಗಳ ಪ್ರಾಣವೆಲ್ಲ ಜರ್ಮೇನಿಯಂ ಎಂಬ ಧಾತುವಿನ ಟ್ರಾನ್ಸಿಸ್ಟರುಗಳಲ್ಲಿತ್ತು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಅದೇ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಆರಂಭಿಸಿತೆಂಬುದು ಕುತೂಹಲಕರ. ಅಲ್ಲಿ ರಾಗಗೆಡಿಸಲು ಬಳಕೆಯಾದ ಧಾತು ಇಲ್ಲಿ ರಾಗವನ್ನು ಮನೆಮನೆಗೆ ಮುಟ್ಟಿಸುವ ರೇಡಿಯೊ ಕಾಲಕ್ಕೆ ಒದಗಿತು.

ದನಿ ಒಡೆಯುವುದು ಹೇಗೆ?

ಮೀಟಿದ ತಂತಿಯ ಸಂಕೇತ ಏರುತ್ತ ಇಳಿಯುತ್ತ ದುಂಡಗಿನ ಅಲೆಯಂತೆ ಬರುತ್ತದೆ. ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರ್ ಅದನ್ನು ತನ್ನ ಶಕ್ತಿಗೆ ಮೀರಿ ದೊಡ್ಡದು ಮಾಡಲು ಯತ್ನಿಸುತ್ತದೆ. ಒಂಬತ್ತು ವೋಲ್ಟಿನ ಬ್ಯಾಟರಿ ಕೊಡುವಷ್ಟಕ್ಕಿಂತ ಮೇಲೆ ಏರಲಾರದ ಅಲೆ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆ ಚಪ್ಪಟೆತನದಿಂದಲೇ ಮೂಲಸ್ವರದೊಡನೆ ಹಲವು ಮೇಲುಸ್ವರಗಳು ಹುಟ್ಟಿ ನಾದ ಗೊಗ್ಗರಾಗುತ್ತದೆ. ಜೋರಾಗಿ ಮೀಟಿದರೂ ಮೆಲ್ಲಗೆ ಮೀಟಿದರೂ ಅಲೆಯ ಎತ್ತರ ಹೆಚ್ಚು ಕಡಿಮೆ ಒಂದೇ ಆಗುವುದರಿಂದ ಸ್ವರ ಬೇಗನೆ ಅಡಗದೆ ಬಹಳ ಹೊತ್ತು ನಿಲ್ಲುತ್ತದೆ. ತಂತಿಯನ್ನು ಎಳೆದು ಗಮಕ ತೆಗೆಯುವವರಿಗೆ ಇದೊಂದು ದೊಡ್ಡ ಅನುಕೂಲ.

ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗ ಮಾತು ಬೇರೆಯಾಗುತ್ತದೆ. ಆಗ ಆ ಎರಡು ಸ್ವರಗಳ ವ್ಯತ್ಯಾಸಕ್ಕೆ ಸಮನಾದ ಮೂರನೆಯ ಸ್ವರವೊಂದು ತಾನಾಗಿ ಹುಟ್ಟುತ್ತದೆ. ಷಡ್ಜಕ್ಕೆ ಸೆಕೆಂಡಿಗೆ 200 ಕಂಪನಗಳೆಂದೂ ಪಂಚಮಕ್ಕೆ 300 ಎಂದೂ ಇಟ್ಟುಕೊಂಡರೆ ವ್ಯತ್ಯಾಸ 100. ಅದು ಕೆಳಗಿನ ಸ್ಥಾಯಿಯ ಷಡ್ಜವೇ ಆದುದರಿಂದ ಕಿವಿಗೆ ಹಿತ. ಶುದ್ಧವಾದ ಅಂತರ ಗಾಂಧಾರಕ್ಕೆ 250 ಕಂಪನಗಳು. ಆದರೆ ಗಿಟಾರಿನ ಮೆಟ್ಟಿಲುಗಳು ಸ್ಥಾಯಿಯನ್ನು ಹನ್ನೆರಡು ಸಮಪಾಲಾಗಿ ಹಂಚಿರುವುದರಿಂದ ಅಲ್ಲಿ ಸುಮಾರು 252 ನುಡಿಯುತ್ತದೆ. ವ್ಯತ್ಯಾಸ 50ರ ಬದಲು 52 ಆಗಿ ಅಡಿಯಲ್ಲಿ ಅಪಸ್ವರವೊಂದು ಗೊಣಗತೊಡಗುತ್ತದೆ. ಹೀಗಾಗಿ ಫಜ್ ಪೆಟ್ಟಿಗೆ ಒಂಟಿ ಸ್ವರಗಳಿಗೂ ಷಡ್ಜ-ಪಂಚಮಗಳ ಜೋಡಿಗೂ ಒಪ್ಪುತ್ತದೆ; ಆರು ತಂತಿಯನ್ನೂ ಸೇರಿಸಿ ಬಾರಿಸುವ ತುಂಬು ಕಾರ್ಡುಗಳಿಗೆ ಒಪ್ಪುವುದಿಲ್ಲ. ಹಾಡುಗಾರರ ಹಿಂದೆ ಕಾರ್ಡುಗಳನ್ನಷ್ಟೇ ನುಡಿಸುವ ಹುಡುಗನಿಗೆ ಇದು ಬೇಕೇ ಎಂಬುದನ್ನು ಮೊದಲು ಯೋಚಿಸತಕ್ಕದ್ದು.

ನಾಲ್ಕು ಬಗೆಗಳು

ಮಾರುಕಟ್ಟೆಯಲ್ಲಿ ಹೆಸರುಗಳು ನೂರಾರಿದ್ದರೂ ಮುಖ್ಯವಾದ ಬಗೆಗಳು ಕೆಲವೇ. ಮೊದಲನೆಯದು ಜರ್ಮೇನಿಯಂ ಫಜ್. 1966ರಲ್ಲಿ ಲಂಡನ್ನಿನಲ್ಲಿ ಹೊರಬಂದ ದುಂಡು ಮುಖದ ‘ಫಜ್ ಫೇಸ್’ ಇದರ ಹೆಸರಾಂತ ಮಾದರಿ. ಇದರೊಳಗೆ ಇರುವುದು ಎರಡೇ ಟ್ರಾನ್ಸಿಸ್ಟರುಗಳು. ದನಿ ಮೃದು, ಗಿಟಾರಿನ ಮೇಲಿನ ಧ್ವನಿಯ ಗುಂಡಿಯನ್ನು ಸ್ವಲ್ಪ ತಗ್ಗಿಸಿದರೆ ಗೊಗ್ಗರು ಅಡಗಿ ಸ್ವರ ತಿಳಿಯಾಗುತ್ತದೆ. ಇದರ ಶತ್ರು ಸೆಕೆ. ಜರ್ಮೇನಿಯಂ ಟ್ರಾನ್ಸಿಸ್ಟರಿನೊಳಗೆ ಸೋರುವ ವಿದ್ಯುತ್ತು ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಸುಮಾರು ಇಮ್ಮಡಿಯಾಗುತ್ತದೆ. ಬೆಳಗ್ಗೆ ಮನೆಯಲ್ಲಿ ಇಂಪಾಗಿ ನುಡಿದ ಪೆಟ್ಟಿಗೆ ಚೈತ್ರ ವೈಶಾಖಗಳ ಜಾತ್ರೆಯ ವೇದಿಕೆಯ ಮೇಲೆ, ಕಾಯುವ ದೀಪಗಳ ಮುಂದೆ, ಸ್ವರವನ್ನು ತಡವರಿಸಿ ನುಂಗತೊಡಗಬಹುದು. ಮಂಡ್ಯದ ಬಯಲಿನ ಬೇಸಗೆಗೆ ಇದು ಸುಲಭದ ಸಂಗಾತಿಯಲ್ಲ.

ಎರಡನೆಯದು ಸಿಲಿಕಾನ್ ಫಜ್. ಇದರ ದನಿ ಹೆಚ್ಚು ಚುರುಕು, ಹೆಚ್ಚು ಹರಿತ. ಸೆಕೆಗೆ ಅಷ್ಟಾಗಿ ಜಗ್ಗುವುದಿಲ್ಲ. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಮೂರನೆಯದು 1969ರಲ್ಲಿ ನ್ಯೂಯಾರ್ಕಿನಲ್ಲಿ ಹೊರಬಂದ ‘ಬಿಗ್ ಮಫ್’ ಮತ್ತು ಅದನ್ನು ಅನುಸರಿಸಿದ ಪೆಟ್ಟಿಗೆಗಳು. ನಾಲ್ಕು ಟ್ರಾನ್ಸಿಸ್ಟರುಗಳ ಈ ಬಗೆಯಲ್ಲಿ ಸ್ವರ ಪಿಟೀಲಿನಂತೆ ದೀರ್ಘವಾಗಿ ನಿಲ್ಲುತ್ತದೆ; ಆದರೆ ಮಧ್ಯದ ಸ್ವರಗಳು ಸೊರಗುವುದರಿಂದ ಕೀಬೋರ್ಡು, ಡ್ರಮ್ಮುಗಳ ನಡುವೆ ಗಿಟಾರ್ ಮುಳುಗಿಹೋಗುವ ಅಪಾಯವುಂಟು. ನಾಲ್ಕನೆಯದು ಮೂಲಸ್ವರದ ಜೊತೆಗೆ ಮೇಲಿನ ಸ್ಥಾಯಿಯ ಸ್ವರವನ್ನೂ ಸೇರಿಸುವ ಆಕ್ಟೇವ್ ಫಜ್. ಇದು ಉಪ್ಪಿನಕಾಯಿಯಂತೆ, ಎಲೆಯ ತುದಿಗೆ ಚೆನ್ನ, ಊಟಕ್ಕೆಲ್ಲ ಅದೇ ಆಗಲಾರದು.

ಇವಲ್ಲದೆ ಹತ್ತಾರು ಪೆಡಲುಗಳ ದನಿಯನ್ನು ಒಂದೇ ಕಡೆ ಅಡಕಮಾಡಿರುವ ಡಿಜಿಟಲ್ ‘ಮಲ್ಟಿ ಎಫೆಕ್ಟ್ಸ್’ ಯಂತ್ರಗಳೂ ಇವೆ. ಅವುಗಳ ಫಜ್ ಮೂಲದಷ್ಟು ಸೂಕ್ಷ್ಮವಲ್ಲವೆಂದು ರಸಿಕರು ಮೂಗು ಮುರಿಯುವುದುಂಟು. ಆದರೆ ಮುಂದಿನ ಮಾತನ್ನು ಕೇಳಿದರೆ ಅವನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ವೇದಿಕೆಯ ಗುಟ್ಟು

ಫಜ್ ದನಿಗೆ ಅರ್ಧ ರೂಪ ಕೊಡುವುದು ಪೆಟ್ಟಿಗೆಯಲ್ಲ, ಗಿಟಾರಿನ ಆಂಪ್ಲಿಫೈಯರಿನ ಸ್ಪೀಕರು. ಅದು ಸುಮಾರು 5,000 ಕಂಪನಗಳ ಮೇಲಿನ ಕೀಚಲು ಸದ್ದನ್ನು ಬಹುಮಟ್ಟಿಗೆ ತಾನೇ ತಡೆದುಬಿಡುತ್ತದೆ. ಮೊಬೈಲಿನಲ್ಲಿ ಕೇಳಿ ಮರುಳಾಗುವ ದನಿ ಹೀಗೆ ಸೋಸಿ ಬಂದದ್ದು. ಆದರೆ ಆರ್ಕೆಸ್ಟ್ರಾ ವೇದಿಕೆಯ ಮೇಲೆ ಎಷ್ಟೋ ವೇಳೆ ಗಿಟಾರಿಗೆಂದು ಬೇರೆ ಆಂಪ್ಲಿಫೈಯರ್ ಇರುವುದೇ ಇಲ್ಲ. ತಂತಿಯನ್ನು ನೇರವಾಗಿ ಧ್ವನಿವರ್ಧಕದ ಮಿಕ್ಸರಿಗೆ ಸೇರಿಸುತ್ತಾರೆ. ಅಲ್ಲಿನ ಸ್ಪೀಕರುಗಳು ಹಾಡುಗಾರರ ಕಂಠಕ್ಕೆಂದು ಮಾಡಿದವು. ಕೀಚಲನ್ನೂ ಬಿಡದೆ ಊರಿಗೆಲ್ಲ ಸಾರುತ್ತವೆ. ಜೇನುಹುಳುಗಳ ಗುಂಪು ಏಳುವುದು ಇಲ್ಲಿಯೇ! ಇಪ್ಪತ್ತು ಸಾವಿರದ ಪೆಟ್ಟಿಗೆ ತಂದರೂ ಈ ದೋಷ ಹೋಗದು. ಸ್ಪೀಕರಿನ ಗುಣವನ್ನು ಅನುಕರಿಸುವ ‘ಕ್ಯಾಬಿನೆಟ್ ಸಿಮ್ಯುಲೇಟರ್’ ಪೆಟ್ಟಿಗೆಯ ಮುಂದೆ ಇರಬೇಕು. ಮಲ್ಟಿ ಎಫೆಕ್ಟ್ಸ್ ಯಂತ್ರಗಳಲ್ಲಿ ಈ ಸೌಕರ್ಯ ಸಾಮಾನ್ಯವಾಗಿ ಸೇರಿಯೇ ಇರುತ್ತದೆ.

ಒಂದೇ ರಾತ್ರಿಯಲ್ಲಿ ಪಿ.ಬಿ. ಶ್ರೀನಿವಾಸರ ಮೆಲುದನಿಯ ಗೀತೆಗೂ 1981ರ ‘ಗೀತಾ’ ಚಿತ್ರದ ಕುಣಿಸುವ ಹಾಡಿಗೂ ಜೊತೆಗೊಡಬೇಕಾದ ವಾದಕನಿಗೆ ಗೊಗ್ಗರು ಬೇಕಾದಾಗ ಬರಬೇಕು, ಬೇಡವಾದಾಗ ಕುರುಹಿಲ್ಲದೆ ಅಡಗಬೇಕು. ಆದುದರಿಂದ ಕೊಳ್ಳುವ ಮುನ್ನ ಪೆಟ್ಟಿಗೆ ಎಷ್ಟು ಅಬ್ಬರಿಸುತ್ತದೆ ಎಂಬುದಕ್ಕಿಂತ ಎಷ್ಟು ಚೆನ್ನಾಗಿ ಸುಮ್ಮನಾಗುತ್ತದೆ ಎಂಬುದನ್ನೇ ಪರೀಕ್ಷಿಸುವುದು ಲೇಸು.

ಕೊಳ್ಳುವ ದಿನ

ಶ್ರೀರಂಗಪಟ್ಟಣದವರಿಗೆ ಮೈಸೂರು ಹದಿನೈದು ಕಿಲೋಮೀಟರು, ನಾಗಮಂಗಲ, ಕೆ.ಆರ್. ಪೇಟೆಗಳವರಿಗೆ ಒಂದು ದಿನದ ಬಸ್ಸಿನ ಓಡಾಟ. ಅಷ್ಟು ಶ್ರಮ ಸಾರ್ಥಕವೇ. ಹೋಗುವಾಗ ತಮ್ಮ ಗಿಟಾರನ್ನೇ ಕೊಂಡೊಯ್ಯಬೇಕು. ಅಂಗಡಿಯ ಗಿಟಾರಿಗೆ ಒಪ್ಪಿದ ಪೆಟ್ಟಿಗೆ ಮನೆಯ ಗಿಟಾರಿಗೆ ಒಪ್ಪಬೇಕೆಂಬ ನಿಯಮವಿಲ್ಲ. ಮೊದಲು ಒಂದೇ ಸ್ವರವನ್ನು ಮೀಟಿ ಅದು ಅಡಗುವವರೆಗೂ ಕೇಳಬೇಕು. ಕೊನೆಯಲ್ಲಿ ಮೆಲ್ಲನೆ ಕರಗುತ್ತದೆಯೋ, ಬಿಕ್ಕಳಿಸಿ ನಿಲ್ಲುತ್ತದೆಯೋ ಗಮನಿಸಬೇಕು. ಬಳಿಕ ಷಡ್ಜ-ಪಂಚಮ, ಬಳಿಕ ತಂತಿಯನ್ನೆಳೆದು ಒಂದು ಗಮಕ. ಆಮೇಲೆ ಗಿಟಾರಿನ ಧ್ವನಿಯ ಗುಂಡಿಯನ್ನು ಅರ್ಧಕ್ಕಿಳಿಸಿ ಸ್ವರ ತಿಳಿಯಾಗುವುದೇ ನೋಡಬೇಕು. ಕಡೆಗೆ ಏನನ್ನೂ ನುಡಿಸದೆ ಸುಮ್ಮನೆ ನಿಂತು ಕೇಳಬೇಕು. ಆಗ ಗುಂಯ್ ಎನ್ನುವ ಸದ್ದು ಅತಿಯಾಗಿದ್ದರೆ ಜನರೇಟರಿನ ವಿದ್ಯುತ್ತಿನಲ್ಲಿ, ವೇದಿಕೆಯ ದೀಪಗಳ ನಡುವೆ ಅದು ಇನ್ನೂ ಹೆಚ್ಚುವುದೇ ಹೊರತು ತಗ್ಗದು.

ತಂದ ಮೇಲೂ ಕೆಲವು ಎಚ್ಚರಿಕೆಗಳುಂಟು. ಹಳೆಯ ಮಾದರಿಯ ಫಜ್ ಪೆಟ್ಟಿಗೆಗಳು ಗಿಟಾರಿನ ಪಕ್ಕದಲ್ಲೇ, ಉಳಿದ ಪೆಡಲುಗಳಿಗಿಂತ ಮೊದಲು ಇರಬೇಕು. ವೈರ್‌ಲೆಸ್ ಯಂತ್ರದ ಬಳಿಕ ಇಟ್ಟರೆ ದನಿ ಕರ್ಕಶವಾಗುವುದುಂಟು. ಕೆಲವು ಜರ್ಮೇನಿಯಂ ಪೆಟ್ಟಿಗೆಗಳಲ್ಲಿ ವಿದ್ಯುತ್ತಿನ ಧನ-ಋಣಗಳು ತಿರುವುಮುರುವಾಗಿರುತ್ತವೆ. ಅಂಥವನ್ನು ಇತರ ಪೆಡಲುಗಳೊಡನೆ ಒಂದೇ ಅಡಾಪ್ಟರಿಗೆ ಸೇರಿಸಲಾಗದು. ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆಯಲ್ಲಿ ಗಿಟಾರಿನ ತಂತಿ ಸಿಕ್ಕಿಸಿರುವವರೆಗೂ ಬ್ಯಾಟರಿ ಸವೆಯುತ್ತಲೇ ಇರುತ್ತದೆ. ಕಚೇರಿ ಮುಗಿದೊಡನೆ ತಂತಿಯನ್ನು ಕಿತ್ತಿಡುವ ಅಭ್ಯಾಸ ಮಾಡಿಕೊಂಡರೆ ಎಷ್ಟೋ ಹಣ ಉಳಿಯುತ್ತದೆ.

ಒಟ್ಟಿನಲ್ಲಿ ಮನೆಯಲ್ಲಿ ಗಿಟಾರಿನ ಆಂಪ್ಲಿಫೈಯರ್ ಉಳ್ಳ, ಒಂಟಿ ಸ್ವರಗಳಲ್ಲಿ ರಾಗ ನುಡಿಸುವ ಆಸೆಯುಳ್ಳ ಕಲಿಕೆಯವನಿಗೆ ಎರಡು ಟ್ರಾನ್ಸಿಸ್ಟರಿನ ಸಿಲಿಕಾನ್ ಫಜ್ ಸಾಕು. ಆರ್ಕೆಸ್ಟ್ರಾದಲ್ಲಿ ನೇರವಾಗಿ ಮಿಕ್ಸರಿಗೆ ನುಡಿಸುವವನಿಗೆ ಮಲ್ಟಿ ಎಫೆಕ್ಟ್ಸ್ ಯಂತ್ರವೇ ವಿವೇಕದ ಆಯ್ಕೆ. ಜರ್ಮೇನಿಯಂ ಫಜ್ ಅದರ ಚಂಚಲ ಸ್ವಭಾವವನ್ನು ಅರಿತು, ಸೆಕೆ ಚಳಿಗಳಿಗೆ ತಕ್ಕಂತೆ ಅದನ್ನು ಓಲೈಸುವ ತಾಳ್ಮೆಯುಳ್ಳವರಿಗೆ. ತಂಬೂರಿಯ ನೂಲೆಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ, ಝೇಂಕಾರ ಕೂಡಿಬರುವವರೆಗೆ ಕಿವಿಗೊಟ್ಟು ಕುಳಿತಿರುವ ವಿದ್ವಾಂಸರನ್ನು ಕಂಡ ಮನೆಗಳಲ್ಲಿ ಈ ತಾಳ್ಮೆಗೆ ಬೇರೆ ಪಾಠ ಬೇಕಾಗಿಲ್ಲ.