ಜೊಂಡಿನಲ್ಲಿ ಅಡಗಿದ ಯುವರಾಜ, ಜೊಂಡಿನ ಮೇಲೆ ಉಳಿದ ಕನ್ನಡ

ಬಾಶೆಟ್ಟಿಹಳ್ಳಿಯ ಹಗಲು ಕಾರ್ಖಾನೆಗಳದ್ದು: ಶಿಫ್ಟಿನ ಬಸ್ಸು, ಲಾರಿ, ದೊಡ್ಡಬಳ್ಳಾಪುರ ರಸ್ತೆಯ ದೂಳು. ಆದರೆ ಈ ಸೀಮೆಯ ಹಳ್ಳಿಗಳಲ್ಲಿ ನಾಟಕದ ತಾಲೀಮು ನಡೆಯುವ ರಾತ್ರಿ ಬಂದು ನೋಡಿ. ಹಾರ್ಮೋನಿಯಂ ಮುಂದೆ ಮೇಷ್ಟ್ರು, ಎದುರಿಗೆ ಹಗಲೆಲ್ಲ ಯಂತ್ರದ ಬಳಿ ನಿಂತು ಬಂದ ದುರ್ಯೋಧನ. ದೊಡ್ಡ ಪಾರ್ಟಿಗೆ, ಅಂದರೆ ದೊಡ್ಡ ಪಾತ್ರಕ್ಕೆ, ಹೆಚ್ಚು ದುಡ್ಡು ಕಟ್ಟಬೇಕು; ಕಟ್ಟುತ್ತಾರೆ. ರಾಜ್ಯ ಕಳೆದುಕೊಂಡವರು ಸೇಡು ತೀರಿಸಿಕೊಳ್ಳುವ ಕಥೆಗೆ ಜನ ಬೆಳಗಿನವರೆಗೂ ಕೂರುತ್ತಾರೆ.

ನೈಲ್ ದಂಡೆಯವರೂ ಹೀಗೇ ಕೂತವರು. ಅವರ ಯುವರಾಜ ಹೋರಸ್. ಚಿಕ್ಕಪ್ಪ ಸೇತ್ ಅಣ್ಣ ಒಸಿರಿಸ್‌ನನ್ನು ಕೊಂದು ಸಿಂಹಾಸನ ಕಬಳಿಸಿದ. ತಾಯಿ ಐಸಿಸ್ ಮಗುವನ್ನು ನದಿಯ ಜೊಂಡಿನ ನಡುವೆ ಬಚ್ಚಿಟ್ಟು ಸಾಕಿದಳು. ಕಂಸನಿಗೆ ಹೆದರಿ ಗೋಕುಲಕ್ಕೆ ಕೂಸನ್ನು ಸಾಗಿಸಿದ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಗ ಬೆಳೆದು ತಂದೆಯ ಪಾಲು ಕೇಳಿದ. ದೇವತೆಗಳ ಪಂಚಾಯಿತಿ 80 ವರ್ಷ ಎಳೆಯಿತಂತೆ. ಜಮೀನಿನ ವ್ಯಾಜ್ಯ ಕಂಡ ನಮ್ಮ ತಾಲ್ಲೂಕಿನವರಿಗೆ ಇದು ಅತಿಶಯೋಕ್ತಿ ಅನ್ನಿಸಲಾರದು. ನಡುವೆ ಕಲ್ಲಿನ ದೋಣಿಯ ಪಂದ್ಯ ಬೇರೆ. ಹೋರಸ್ ಮರದ ದೋಣಿಗೆ ಗಾರೆ ಬಳಿದು ಕಲ್ಲಿನದೆಂದು ನಂಬಿಸಿದ. ಸೇತ್ ಬೆಟ್ಟದ ತುದಿಯನ್ನೇ ಕಡಿದು ನಿಜವಾದ ಕಲ್ಲಿನ ದೋಣಿ ಮಾಡಿ ಮುಳುಗಿದ. ನಮ್ಮ ಕೃಷ್ಣನೂ ಮೆಚ್ಚುತ್ತಿದ್ದ ಉಪಾಯ.

ಕ್ರಿ.ಪೂ. 237ರಲ್ಲಿ ಶುರುವಾಗಿ ಕ್ರಿ.ಪೂ. 57ರಲ್ಲಿ ಮುಗಿದ ಹೋರಸ್‌ನ ಎಡ್ಫು ದೇವಾಲಯದ ಗೋಡೆಯ ಮೇಲೆ ಈ ಸೇಡು ಮಾತು, ಚಿತ್ರಗಳ ಸಮೇತ ಕೆತ್ತಿದೆ. ಅಲ್ಲಿ ಸೇತ್ ನೀರಾನೆಯಾಗಿದ್ದಾನೆ, ಹೋರಸ್ ಈಟಿಯಿಂದ ಇರಿಯುತ್ತಾನೆ. ಕೊನೆಗೆ ನೀರಾನೆಯಾಕಾರದ ರೊಟ್ಟಿಯನ್ನು ಕತ್ತರಿಸಿ ಹಂಚಬೇಕು. ಪ್ರೇಮಕ್ಕೂ ಕೊರತೆಯಿಲ್ಲ. ವರ್ಷಕ್ಕೊಮ್ಮೆ ಅವನ ಪ್ರಿಯೆ, ಡೆಂಡೆರಾದ ಹಾಥೋರ್ ದೇವಿಯ ಉತ್ಸವಮೂರ್ತಿ ದೋಣಿಯೇರಿ ಹೋರಸ್‌ನ ಊರಿಗೆ ಬರುತ್ತಿತ್ತು.

ಯುವರಾಜನನ್ನು ಮುಚ್ಚಿಟ್ಟ ಆ ಜೊಂಡಿನಿಂದಲೇ ಈಜಿಪ್ಟಿನವರು ಪಪೈರಸ್ ಎಂಬ ಬರೆಯುವ ಹಾಳೆ ಮಾಡಿದರು. ಅಂಥ ಒಂದು ಹಾಳೆಯಲ್ಲಿ ನಾವೂ ಸಿಕ್ಕಿಬಿದ್ದಿದ್ದೇವೆ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಗಳನ್ನು ಅಗೆದ ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ 413ನೇ ಸಂಖ್ಯೆಯ ಪಪೈರಸ್ ಪ್ರಕಟಿಸಿದರು. ಎರಡನೇ ಶತಮಾನದ ಗ್ರೀಕ್ ಪ್ರಹಸನ. ನಡೆಯುವುದು ಭಾರತದ ಕಡಲ ದಂಡೆಯಲ್ಲಿ. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಅಲ್ಲಿನ ರಾಜನ ಸೆರೆಯಲ್ಲಿದ್ದಾಳೆ, ದೇವಿಗೆ ಬಲಿಯಾಗಬೇಕು. ಅಣ್ಣ ಹಡಗಿನಲ್ಲಿ ಬರುತ್ತಾನೆ, ಜೊತೆಗೊಬ್ಬ ವಿದೂಷಕ. ಇವನ ಮುಖ್ಯ ಆಯುಧ ಹೂಸು! ಗ್ರೀಕರು ನೀರು ಬೆರೆಸಿ ಕುಡಿಯುವ ದ್ರಾಕ್ಷಾರಸವನ್ನು ರಾಜನಿಗೆ ಹಾಗೆಯೇ ಕುಡಿಸಿ, ಕಟ್ಟಿಹಾಕಿ, ಹುಡುಗಿಯೊಂದಿಗೆ ಪರಾರಿ. ಹೊರಡುವಾಗ ದೇವಿಯ ಒಡವೆ ದೋಚೋಣ ಅನ್ನುವ ವಿದೂಷಕನನ್ನು ಅವಳೇ ತಡೆಯುತ್ತಾಳೆ. ಎಲ್ಲಿ ತಾಳ ಬಾರಿಸಬೇಕೆಂಬ ಗುರುತು ಕೂಡ ಹಾಳೆಯಲ್ಲಿದೆ, ಥೇಟ್ ನಮ್ಮ ಮೇಷ್ಟ್ರ ನೋಟ್‌ಬುಕ್ಕಿನ ಹಾಗೆ.

ರಾಜ ಮತ್ತವನ ಕಡೆಯವರು ಗ್ರೀಕಲ್ಲದ ಮಾತಾಡುತ್ತಾರೆ. ಅದು ಕನ್ನಡ ಎಂದು 1904ರಲ್ಲಿ ಹೇಳಿದವರು ಶಾಸನತಜ್ಞ ಹುಲ್ಷ್. ಅವರ ಕಿವಿಗೆ ಕೇಳಿಸಿದ್ದು ಕೊಂಚ, ಮಧು, ಪಾತ್ರಕ್ಕೆ, ಹಾಕಿ ಎಂಬ ಪದಗಳು. ವಿದ್ವಾಂಸ ಆರ್. ಶಾಮಶಾಸ್ತ್ರಿ ಒಪ್ಪಿದರು. ಮಂಜೇಶ್ವರದ ಕವಿ ಗೋವಿಂದ ಪೈ ಇದರ ಬೆನ್ನು ಹತ್ತಿದರು. ಇತಿಹಾಸಕಾರ ಬಿ.ಎ. ಸಾಲೆತೊರೆಯವರು ಘಟನೆಯ ಜಾಗವನ್ನು ಮಲ್ಪೆಯ ಕಡೆ ಗುರುತಿಸಿದರು. ಲಂಡನ್ನಿನ ವಿದ್ವಾಂಸ ಬಾರ್ನೆಟ್ 1926ರಲ್ಲಿ ಇದು ಕನ್ನಡವೇ ಅಲ್ಲವೆಂದು ವಾದಿಸಿದರು. ಆಮೇಲೆ ತುಳು ಎಂದವರೂ ಇದ್ದಾರೆ. ಹುಲ್ಷ್ ಹೇಳಿದ್ದು ಸರಿಯಾದರೆ ಆ ಮಾತುಗಳು ಕನ್ನಡದ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯವು.

ನನಗೆ ಪೂರ್ತಿ ನಂಬಿಕೆಯಿಲ್ಲ. ಗ್ರೀಕ್ ಅಕ್ಷರಗಳ ಆ ಸಾಲುಗಳನ್ನು ಕನ್ನಡವಾಗಿಸಲು ಅಲ್ಲಲ್ಲಿ ಎಳೆದಾಡಬೇಕು. ಆದರೆ ನಂಟು ಸುಳ್ಳಲ್ಲ. ಆಗ ಈಜಿಪ್ಟ್ ರೋಮಿನ ಅಧೀನದಲ್ಲಿತ್ತು. ಕೆಂಪು ಸಮುದ್ರದ ಮಯೋಸ್ ಹೊರ್ಮೋಸ್ ಬಂದರಿನಿಂದ 120 ಹಡಗು ಭಾರತಕ್ಕೆ ಹೊರಡುತ್ತಿದ್ದವೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ರೋಮಿನ ದುಡ್ಡು ಎಲ್ಲಿಯವರೆಗೆ ಬಂತು ಗೊತ್ತೇ? 1891ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆದಾಗ 163 ಬೆಳ್ಳಿ ನಾಣ್ಯ ಸಿಕ್ಕವು: ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದವು.

ಈ ನಾಟಕವನ್ನು ಎದೆಯುಬ್ಬಿಸಿ ಹೇಳಿಕೊಳ್ಳುವಾಗ ನಾವು ಮರೆಯುವುದೊಂದಿದೆ. ಅದರಲ್ಲಿ ಸಾಹಸ ಅವರದ್ದು, ಅಮಲು ನಮ್ಮದು. ಈಜಿಪ್ಟಿನ ಜನ ನಕ್ಕಿದ್ದು ನಮ್ಮ ರಾಜನನ್ನು ನೋಡಿ. ಆದರೂ ನಗಿಸಲಿಕ್ಕೆ ಪರದೇಶದ ಮಾತಿನ ಧಾಟಿ ಯಾರದೋ ಕಿವಿಗೆ ಬಿದ್ದಿರಬೇಕಲ್ಲ?

ನಮ್ಮ ಕಡೆಯ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಮುಂದಿನ ಸಲ ‘ಕುರುಕ್ಷೇತ್ರ’ಕ್ಕೆ ಮೊದಲು ಅರ್ಧ ಗಂಟೆ ಇದನ್ನು ಆಡಿಸಿ. ರಾಜನಿಗೆ ಮಾತು ಕಮ್ಮಿ, ಕಂದಪದ್ಯವಿಲ್ಲ. ಪಾರ್ಟಿಗೆ ದುಡ್ಡೂ ಕಮ್ಮಿ ಹಿಡಿಯಿರಿ.